ಅಂಗಳಕ್ಕೆ ಸ್ಮಾರ್ಟ್ ಲೈಟು: ಆ್ಯಪ್ ನೋಡಿ ಕೊಳ್ಳಬೇಡಿ, ಜಾಗ ನೋಡಿ ಕೊಳ್ಳಿ

ರಾತ್ರಿ ಹನ್ನೊಂದು ಗಂಟೆ. ತ್ರೀ ಫೇಸ್ ಬಂತು ಅಂತ ಪಕ್ಕದ ತೋಟದವರು ಫೋನ್ ಮಾಡುತ್ತಾರೆ. ನೀವು ಚಪ್ಪಲಿ ಮೆಟ್ಟಿಕೊಂಡು, ಮೊಬೈಲ್ ಟಾರ್ಚ್ ಹಾಕಿಕೊಂಡು, ಕೊಟ್ಟಿಗೆ ದಾಟಿ, ಸೌದೆ ರಾಶಿಯ ಪಕ್ಕದಲ್ಲೇ ಮೋಟರ್ ಮನೆ ಕಡೆ ಹೊರಡುತ್ತೀರಿ. ಫೋನಿನಲ್ಲಿ ಚಾರ್ಜ್ ಹನ್ನೆರಡು ಪರ್ಸೆಂಟ್. ಕಾಲಿನ ಮುಂದೆ ಎರಡು ಅಡಿ ಬಿಟ್ಟರೆ ಏನೂ ಕಾಣುವುದಿಲ್ಲ.

ಹಳ್ಳಿ ಮನೆಯಲ್ಲಿ ಹೊರಗಿನ ದೀಪದ ಪ್ರಶ್ನೆ ಹುಟ್ಟುವುದು ಇಲ್ಲಿ. ಜಾಹೀರಾತಿನಲ್ಲಿ ತೋರಿಸುವ ಬಣ್ಣಬಣ್ಣದ ಗಾರ್ಡನ್ ಲೈಟು ನಮಗೆ ಆಮೇಲಿನ ಮಾತು. ಕಟ್ಟುಹಾವು ಹೊರಗೆ ಬರುವುದೇ ರಾತ್ರಿ. ಕೊಳಕುಮಂಡಲವೂ ಕತ್ತಲಾದ ಮೇಲೆ ಹೆಚ್ಚು ಓಡಾಡುತ್ತೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶ ಮಾಡಿದೆ ಅಂದರೆ ವಿಷಯ ಎಷ್ಟು ಗಂಭೀರ ಅಂತ ಯೋಚಿಸಿ. ಕಾಲಿಡುವ ಜಾಗ ಕಾಣಿಸಿದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತೆ.

ಮೊದಲೇ ನನ್ನ ತಪ್ಪು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ '200 ವ್ಯಾಟ್' ಅಂತ ಬರೆದಿದ್ದ ಸೋಲಾರ್ ಲೈಟು ತರಿಸಿ ಕೊಟ್ಟಿಗೆ ಮುಂದೆ ಹಾಕಿದೆ. ಬೇಸಿಗೆಯಲ್ಲಿ ರಾತ್ರಿ ಹತ್ತರವರೆಗೆ ಉರಿಯಿತು. ಮಳೆಗಾಲಕ್ಕೆ ಎಂಟಕ್ಕೇ ಮಂಕಾಯಿತು. ದೀಪಾವಳಿ ಹೊತ್ತಿಗೆ ಸತ್ತೇಹೋಯಿತು. ಬಾಕ್ಸ್ ಮೇಲಿನ ದೊಡ್ಡ ಅಕ್ಷರ ಓದಿದ್ದೆ, ಸಣ್ಣ ಅಕ್ಷರ ಓದಿರಲಿಲ್ಲ. ಈ ವಾರ ಆ ಸಣ್ಣ ಅಕ್ಷರಗಳ ಬಗ್ಗೆಯೇ ಮಾತಾಡೋಣ.

ಸ್ಮಾರ್ಟ್ ಅಂದರೆ ಒಂದೇ ಅಲ್ಲ

ಅಂಗಡಿಯಲ್ಲಿ ಎಲ್ಲದಕ್ಕೂ 'ಸ್ಮಾರ್ಟ್' ಅಂತ ಚೀಟಿ ಅಂಟಿಸಿರುತ್ತಾರೆ. ಒಳಗೆ ನಾಲ್ಕು ಬೇರೆ ಬೇರೆ ಬಗೆ ಇವೆ.

ಒಂದು, ಕತ್ತಲಾದಾಗ ತಾನೇ ಹೊತ್ತಿ ಬೆಳಗಾದಾಗ ಆರುವ ಲೈಟು. ಇದರಲ್ಲಿ ಬೆಳಕು ಗುರುತಿಸುವ ಸಣ್ಣ ಸೆನ್ಸರ್ ಇರುತ್ತೆ. ನೆಟ್ ಬೇಡ, ಫೋನ್ ಬೇಡ.

ಎರಡು, ಯಾರಾದರೂ ಬಂದಾಗ ಮಾತ್ರ ಹೊತ್ತುವ ಮೋಷನ್ ಸೆನ್ಸರ್ ಲೈಟು. ಹೆಚ್ಚಿನವು ಮೈಯ ಬಿಸಿ ಚಲಿಸುವುದನ್ನು ಗುರುತಿಸುತ್ತವೆ. ಇದಕ್ಕೂ ನೆಟ್ ಬೇಡ.

ಮೂರು, ವೈಫೈ ಅಥವಾ ಬ್ಲೂಟೂತ್ ಮೂಲಕ ಆ್ಯಪ್‌ನಿಂದ ನಡೆಸುವ ಬಲ್ಬು ಮತ್ತು ಸ್ವಿಚ್ಚು.

ನಾಲ್ಕು, ಸಿಮ್ ಹಾಕಿ ದೂರದಿಂದ ನಡೆಸುವಂಥದ್ದು. ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರಿಗೆ ಇದು ಹೊಸದೇನಲ್ಲ, ಅದೇ ತತ್ವ.

ರೈತರ ಮನೆಯ ಹೊರಗಡೆ ಹತ್ತರಲ್ಲಿ ಎಂಟು ಕೆಲಸಕ್ಕೆ ಮೊದಲ ಎರಡು ಬಗೆಯೇ ಸಾಕು. ಆ್ಯಪ್ ಇದ್ದ ಮಾತ್ರಕ್ಕೆ ಲೈಟು ಬುದ್ಧಿವಂತ ಆಗಲ್ಲ. ಬೇಕಾದಾಗ ಬೇಕಾದಷ್ಟೇ ಬೆಳಕು ಕೊಟ್ಟು, ಬೇಡವಾದಾಗ ತಾನೇ ಆರಿದರೆ ಅದೇ ಸ್ಮಾರ್ಟ್.

ಜಾಗ ನೋಡಿ, ಆಮೇಲೆ ಲೈಟು

ಬಾಗಿಲು, ಮೆಟ್ಟಿಲು, ಬಚ್ಚಲಿಗೆ ಹೋಗುವ ದಾರಿ: ಇಲ್ಲಿ ಮೋಷನ್ ಸೆನ್ಸರ್ ಇರುವ 5ರಿಂದ 9 ವ್ಯಾಟ್ ಎಲ್‌ಇಡಿ ಸಾಕು. ಮನೆಯಲ್ಲಿ ವಯಸ್ಸಾದವರಿದ್ದರೆ ಮೊದಲು ಹಾಕಬೇಕಾದ ಜಾಗ ಇದು. ಅವರು ಸ್ವಿಚ್ಚು ತಡಕಾಡುವ ಕೆಲಸವೇ ಇರಲ್ಲ.

ಕೊಟ್ಟಿಗೆ: ಒಳಗೆ ಒಂದು ಮಾಮೂಲಿ ಸ್ವಿಚ್ ಲೈಟು, ಬಾಗಿಲಲ್ಲಿ ಒಂದು ಸೆನ್ಸರ್ ಲೈಟು. ಒಳಗಡೆ ಸೆನ್ಸರ್ ಹಾಕಿದರೆ ಹಸು ತಲೆ ಆಡಿಸಿದಾಗೆಲ್ಲ ಹೊತ್ತಿ ಆರುತ್ತೆ. ದನಗಳಿಗೂ ರಾತ್ರಿ ಕತ್ತಲು, ನಿದ್ದೆ ಬೇಕು. ಗಂಜಲದ ಆವಿಗೆ ಲೋಹ ಬೇಗ ತುಕ್ಕು ಹಿಡಿಯುವುದರಿಂದ ಪೂರ್ತಿ ಮುಚ್ಚಿದ ಪ್ಲಾಸ್ಟಿಕ್ ಬಾಡಿಯ ಫಿಟ್ಟಿಂಗ್ ತೆಗೆದುಕೊಳ್ಳಿ.

ಅಂಗಳ ಮತ್ತು ಗೇಟು: 10ರಿಂದ 12 ವ್ಯಾಟ್ ಸೆನ್ಸರ್ ಲೈಟು. ಟ್ರ್ಯಾಕ್ಟರ್, ಪೈಪು, ಕೇಬಲ್ ಇಡುವ ಜಾಗಕ್ಕೆ ಇದು ಕಳ್ಳರ ವಿಷಯದಲ್ಲೂ ಅನುಕೂಲ. ರಾತ್ರಿಯಿಡೀ ಉರಿಯುವ ದೀಪವನ್ನು ಯಾರೂ ಗಮನಿಸಲ್ಲ, ತಟ್ಟನೆ ಹೊತ್ತಿದ ದೀಪದ ಕಡೆ ಎಲ್ಲರೂ ನೋಡುತ್ತಾರೆ.

ಕಣ: ರಾಗಿ, ಜೋಳ ಒಕ್ಕುವಾಗ, ಅಡಿಕೆ ಸುಲಿಯುವಾಗ ನಿಜವಾಗಿ ಬೆಳಕು ಬೇಕು. 30ರಿಂದ 50 ವ್ಯಾಟಿನ ಫೋಕಸ್ ಲೈಟು ಹಾಕಿ, ಆದರೆ ಅದಕ್ಕೆ ಮಾಮೂಲಿ ಸ್ವಿಚ್ಚೇ ಇರಲಿ. ವರ್ಷದಲ್ಲಿ ಕೆಲವೇ ವಾರದ ಕೆಲಸ ಅದು.

ಮೋಟರ್ ಮನೆ ಮತ್ತು ಅಲ್ಲಿಗೆ ಹೋಗುವ ದಾರಿ: ಇಲ್ಲಿ ಸೋಲಾರ್. ಕಾರಣ ಮುಂದೆ ಹೇಳುತ್ತೇನೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಮೈ ಬಿಸಿ ಗುರುತಿಸುವ ಸೆನ್ಸರ್ ಹಾವನ್ನು ಗುರುತಿಸಲ್ಲ. ಹಾವಿನ ಮೈ ಬಿಸಿ ಸುತ್ತಲಿನ ನೆಲದಷ್ಟೇ ಇರುತ್ತೆ. ಲೈಟು ಹೊತ್ತುವುದು ನೀವು ಬಂದಾಗ, ಹಾವು ಬಂದಾಗ ಅಲ್ಲ. ಆದ್ದರಿಂದ ನೀವು ಹೆಜ್ಜೆ ಇಡುವ ಮೊದಲೇ ಹೊತ್ತುವಂತೆ ಕೂರಿಸಬೇಕು, ಹೊತ್ತಿದ ಮೇಲೆ ಒಂದು ಕ್ಷಣ ನಿಂತು ನೆಲ ನೋಡಬೇಕು. ಟಾರ್ಚ್ ಮತ್ತು ಗಮ್‌ಬೂಟು ಬಿಡುವಂತಿಲ್ಲ. ಹಾಗೂ ಕಡಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಡಿದ ಅಂಗ ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

ಸೆನ್ಸರ್ ಕೂರಿಸುವುದರಲ್ಲೇ ಅರ್ಧ ಕೆಲಸ

ಒಳ್ಳೆ ಸೆನ್ಸರ್ ತಂದು ತಪ್ಪು ಜಾಗಕ್ಕೆ ಹೊಡೆದು, 'ಸರಿ ಇಲ್ಲ' ಅನ್ನುವವರೇ ಜಾಸ್ತಿ. ಏಳೆಂಟು ಅಡಿ ಎತ್ತರ ಸರಿಯಾದ ಎತ್ತರ. ಮಾಮೂಲಿ ಸೆನ್ಸರ್ ಐದರಿಂದ ಎಂಟು ಮೀಟರ್ ದೂರದವರೆಗೆ ಗುರುತಿಸುತ್ತೆ. ನೀವು ಅದರ ನೇರಕ್ಕೆ ನಡೆದು ಬಂದರೆ ತಡವಾಗಿ ಗುರುತಿಸುತ್ತೆ, ಅಡ್ಡಲಾಗಿ ದಾಟಿದರೆ ಬೇಗ ಗುರುತಿಸುತ್ತೆ. ಹಾಗಾಗಿ ದಾರಿಯ ತುದಿಯಲ್ಲಿ ಹಾಕುವ ಬದಲು ದಾರಿಯ ಪಕ್ಕದಲ್ಲಿ ಹಾಕಿ.

ನಾಯಿ ಬಂದಾಗೆಲ್ಲ ಹೊತ್ತುತ್ತೆ ಅನ್ನುವುದು ಎಲ್ಲರ ದೂರು. ಅದಕ್ಕೆ ಸೆನ್ಸರಿನ ಹಿಂದೆ ಸಣ್ಣ ತಿರುಪು ಇದೆಯಾ ನೋಡಿ. ಎಷ್ಟು ದೂರ, ಎಷ್ಟು ಸೆಕೆಂಡು ಉರಿಯಬೇಕು, ಎಷ್ಟು ಕತ್ತಲಾದ ಮೇಲೆ ಕೆಲಸ ಶುರು ಮಾಡಬೇಕು ಅನ್ನುವುದನ್ನು ಅಲ್ಲಿ ಹೊಂದಿಸಬಹುದು. ಈ ತಿರುಪು ಇಲ್ಲದ್ದನ್ನು ಕೊಳ್ಳಬೇಡಿ. ಕೆಲವು ಲೈಟುಗಳಲ್ಲಿ ರಾಡಾರ್ ಸೆನ್ಸರ್ ಇರುತ್ತೆ. ಅದು ಚಲನೆಗೇ ಹೊತ್ತುವುದರಿಂದ ಗಾಳಿಗೆ ಆಡುವ ಬಾಳೆ ಎಲೆ, ತೆಂಗಿನ ಗರಿಗೂ ಹೊತ್ತಬಹುದು. ಗಿಡಮರ ಜಾಸ್ತಿ ಇರುವ ಕಡೆ ಅದು ಬೇಡ.

ಗೃಹಜ್ಯೋತಿ ಲೆಕ್ಕ ಹಾಕಿದಿರಾ?

'ಕರೆಂಟು ಫ್ರೀ ತಾನೇ, ರಾತ್ರಿಯಿಡೀ ಉರಿಯಲಿ ಬಿಡು' ಅನ್ನುವ ಮಾತು ಎಲ್ಲ ಕಡೆ ಕೇಳುತ್ತೆ. ಲೆಕ್ಕ ನೋಡಿ.

50 ವ್ಯಾಟಿನ ಫೋಕಸ್ ಲೈಟು ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಉರಿದರೆ ರಾತ್ರಿಗೆ 600 ವ್ಯಾಟ್-ಅವರ್, ಅಂದರೆ 0.6 ಯೂನಿಟ್. ತಿಂಗಳಿಗೆ 18 ಯೂನಿಟ್.

2023ರ ಆಗಸ್ಟಿನಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ 200 ಯೂನಿಟ್ಟೂ ಎಲ್ಲರಿಗೂ ಫ್ರೀ ಅಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಸಾಮಾನ್ಯವಾಗಿ ಶೇ. 10 ಸೇರಿಸಿ ಮಿತಿ ಹಾಕಿದ್ದಾರೆ. ಸರಾಸರಿ 60 ಯೂನಿಟ್ ಇದ್ದ ಮನೆಗೆ ಮಿತಿ 66. ಅಂದರೆ ನಿಮಗೆ ಹೆಚ್ಚುವರಿ ಸಿಕ್ಕಿರುವುದು 6 ಯೂನಿಟ್. ಒಂದೇ ಒಂದು ಫೋಕಸ್ ಲೈಟು ಅದರ ಮೂರರಷ್ಟನ್ನು ತಿಂದುಹಾಕುತ್ತೆ. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮ ತಲೆ ಮೇಲೆ.

ಅದೇ ಜಾಗದಲ್ಲಿ 12 ವ್ಯಾಟಿನ ಸೆನ್ಸರ್ ಲೈಟು ಹಾಕಿ. ರಾತ್ರಿಯಲ್ಲಿ ಎಲ್ಲ ಸೇರಿ ಒಂದು ಗಂಟೆ ಉರಿಯುತ್ತೆ ಅಂದುಕೊಳ್ಳಿ. ಸೆನ್ಸರ್ ಎಚ್ಚರವಾಗಿರಲು ತೆಗೆದುಕೊಳ್ಳುವ ಕರೆಂಟೂ ಸೇರಿ ತಿಂಗಳಿಗೆ ಒಂದು ಯೂನಿಟ್ಟೂ ಆಗಲ್ಲ.

ತೋಟದ ಮನೆಗೆ ಸೋಲಾರ್ ಯಾಕೆ

ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಲೈನು, ಪಂಪ್‌ಸೆಟ್ ಲೈನು ಬೇರೆ ಬೇರೆ ಮಾಡಿದ್ದಾರೆ. ಊರೊಳಗಿನ ಮನೆಗೆ ಹೆಚ್ಚು ಹೊತ್ತು ಕರೆಂಟು ಇರುತ್ತೆ. ಹೊಲದ ಲೈನಿಗೆ ತ್ರೀ ಫೇಸ್ ಪಾಳಿ ಮೇಲೆ ಬರುತ್ತೆ. ತೋಟದಲ್ಲಿ ಮೋಟರ್ ಮನೆ ಹತ್ತಿರ ಹಾಕಿದ ವೈಫೈ ಬಲ್ಬು ಕರೆಂಟಿಲ್ಲದಾಗ ಬರೀ ಗಾಜಿನ ಬುರುಡೆ. ಅದೂ ಅಲ್ಲದೆ ನೀರಾವರಿಗೆ ಕೊಟ್ಟ ಲೈನಿನಿಂದ ಮನೆಗೆ ತಂತಿ ಎಳೆಯುವುದು ನಿಯಮಕ್ಕೂ ವಿರುದ್ಧ, ಜೀವಕ್ಕೂ ಅಪಾಯ. ಅಲ್ಲಿ ಸೋಲಾರ್ ಸೆನ್ಸರ್ ಲೈಟೇ ಸರಿ.

ಆದರೆ ಸೋಲಾರ್ ಕೊಳ್ಳುವಾಗ ಬಾಕ್ಸ್ ಮೇಲಿನ ವ್ಯಾಟ್ ನಂಬಬೇಡಿ. 200 ವ್ಯಾಟಿನ ದೀಪ ನಿಜವಾಗಿ 12 ಗಂಟೆ ಉರಿಯಬೇಕಾದರೆ 2,400 ವ್ಯಾಟ್-ಅವರ್ ಬೇಕು. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಎರಡು ಹೊತ್ತುಕೊಂಡಷ್ಟು. ಅಂಗೈಯಗಲದ ಡಬ್ಬಿಯಲ್ಲಿ ಅದು ಇರಲು ಸಾಧ್ಯವೇ?

ನೋಡಬೇಕಾದ್ದು ಎರಡೇ ಅಂಕಿ: ಪ್ಯಾನಲ್ ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ವೋಲ್ಟ್ ಮತ್ತು ಎಷ್ಟು ಆಂಪಿಯರ್-ಅವರ್.

ಉದಾಹರಣೆಗೆ 6 ವ್ಯಾಟ್ ಪ್ಯಾನಲ್. ಒಳ್ಳೆ ಬಿಸಿಲಿನ ದಿನ ಐದು ಗಂಟೆ ಪೂರ್ತಿ ಬಿಸಿಲು ಸಿಕ್ಕಿತು ಅಂದುಕೊಂಡರೆ 30 ವ್ಯಾಟ್-ಅವರ್. ಧೂಳು, ಬಿಸಿ, ಚಾರ್ಜಿಂಗ್ ನಷ್ಟ ಅಂತ ಮೂರನೇ ಒಂದು ಭಾಗ ಕಳೆಯಿರಿ. ಉಳಿದದ್ದು 20. ಬ್ಯಾಟರಿ 3.2 ವೋಲ್ಟ್, 6 ಆಂಪಿಯರ್-ಅವರ್ ಇದ್ದರೆ ಗುಣಿಸಿ: 19.2 ವ್ಯಾಟ್-ಅವರ್. ಎರಡೂ ಹೊಂದಿಕೆಯಾಯಿತು. ಇದರಲ್ಲಿ 3 ವ್ಯಾಟಿನ ಎಲ್‌ಇಡಿ ಸುಮಾರು ಆರು ಗಂಟೆ ಉರಿಯುತ್ತೆ. ಯಾರೂ ಇಲ್ಲದಾಗ ಮಂದ, ಬಂದಾಗ ಪೂರ್ತಿ ಬೆಳಕು ಕೊಡುವ ಮಾದರಿಯಾದರೆ ಬೆಳಗಿನವರೆಗೂ ಬರುತ್ತೆ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಈ ಲೆಕ್ಕವನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಳ್ಳಿ.

ಬ್ಯಾಟರಿಯಲ್ಲಿ 3.2 ವೋಲ್ಟ್ ಅಂತ ಇದ್ದರೆ ಅದು ಲಿಥಿಯಂ ಐರನ್ ಫಾಸ್ಫೇಟ್. 3.7 ವೋಲ್ಟ್ ಅಂದರೆ ಮಾಮೂಲಿ ಲಿಥಿಯಂ ಅಯಾನ್. ಮೊದಲನೆಯದು ಬಿಸಿಲಿನ ಶಾಖ ಹೆಚ್ಚು ತಡೆಯುತ್ತೆ, ಹೆಚ್ಚು ವರ್ಷ ಬಾಳುತ್ತೆ. ಬ್ಯಾಟರಿ ಬದಲಿಸಲು ಬರುತ್ತಾ ಅಂತಲೂ ಕೇಳಿ. ಪ್ಯಾನಲ್ ದಕ್ಷಿಣಕ್ಕೆ ಸ್ವಲ್ಪ ಓರೆಯಾಗಿರಲಿ, ತೆಂಗಿನ ನೆರಳು ಬೀಳದಿರಲಿ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ಯಾನಲ್ ಮತ್ತು ಲೈಟು ಬೇರೆ ಬೇರೆ ಇದ್ದು ನಡುವೆ ವೈರ್ ಇರುವಂಥದ್ದು ಒಳ್ಳೆಯದು. ಪ್ಯಾನಲ್ ಬಿಸಿಲಿಗೆ, ಲೈಟು ಮಾಡಿನ ಕೆಳಗೆ.

ವೈಫೈ ಲೈಟು ಯಾರಿಗೆ ಸರಿ?

ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದೆ, ರೂಟರಿಗೆ ಇನ್ವರ್ಟರ್ ಇದೆ, ಎರಡು ದಿನ ಊರಿಗೆ ಹೋದಾಗಲೂ ಅಂಗಳದ ದೀಪ ಹಾಕಿ ಆರಿಸಬೇಕು ಅನ್ನುವವರಿಗೆ ಇದು ಉಪಯೋಗ. ಕೊಳ್ಳುವ ಮುಂಚೆ ನಾಲ್ಕು ವಿಷಯ ನೋಡಿ.

ಮೊದಲನೆಯದು ಸಿಗ್ನಲ್. ಲೈಟು ಹಾಕುವ ಜಾಗದಲ್ಲೇ ನಿಂತು, ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈನಲ್ಲಿ ಒಂದು ವಿಡಿಯೋ ಹಾಕಿ ನೋಡಿ. ತಡವರಿಸಿದರೆ ಅಲ್ಲಿ ವೈಫೈ ಬಲ್ಬು ಬೇಡ. ಹೆಚ್ಚಿನ ಸ್ಮಾರ್ಟ್ ಬಲ್ಬುಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, 5 ಗಿಗಾಹರ್ಟ್ಸಿಗೆ ಸೇರಲ್ಲ. ಸೇರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರಲ್ಲಿ ಅನೇಕರದ್ದು ಇದೇ ಸಮಸ್ಯೆ.

ಎರಡನೆಯದು ಗೋಡೆಯ ಸ್ವಿಚ್ಚು. ಸ್ಮಾರ್ಟ್ ಬಲ್ಬಿಗೆ ಸ್ವಿಚ್ಚು ಯಾವಾಗಲೂ ಆನ್ ಇರಬೇಕು. ನೀವು ಆ್ಯಪ್‌ನಲ್ಲಿ ಆರಿಸಿರುತ್ತೀರಿ, ಅಜ್ಜಿ ಅಭ್ಯಾಸಬಲದಿಂದ ಸ್ವಿಚ್ಚು ಒತ್ತಿ ಮಲಗುತ್ತಾರೆ. ಅಲ್ಲಿಗೆ ನಿಮ್ಮ ಆ್ಯಪ್ ಮುಗಿಯಿತು. ಕೂಡುಕುಟುಂಬದ ಮನೆಗೆ ಬಲ್ಬಿಗಿಂತ ಸ್ಮಾರ್ಟ್ ಸ್ವಿಚ್ಚು ಮೇಲು. ಅಜ್ಜಿಗೆ ಸ್ವಿಚ್ಚು, ನಿಮಗೆ ಫೋನು, ಎರಡೂ ನಡೆಯುತ್ತೆ. ಬಲ್ಬು ಹೋದರೆ ಸಾದಾ ಬಲ್ಬು ಹಾಕಿದರಾಯಿತು.

ಮೂರನೆಯದು ಕರೆಂಟು ಹೋಗಿ ಬಂದಾಗ ಏನಾಗುತ್ತೆ ಅನ್ನುವುದು. ಅನೇಕ ಬಲ್ಬುಗಳು ಕರೆಂಟು ವಾಪಸ್ ಬಂದ ಕೂಡಲೇ ತಾವೇ ಹೊತ್ತಿಕೊಳ್ಳುತ್ತವೆ. ರಾತ್ರಿ ಎರಡಕ್ಕೆ ಅಂಗಳವೆಲ್ಲ ಬೆಳಗಿ, ನಾಯಿಗಳೆಲ್ಲ ಬೊಗಳಿ, ಮನೆಮಂದಿ ಎದ್ದು ಕೂರುವ ಹಾಗಾಗುತ್ತೆ. ಆ್ಯಪ್ ಸೆಟ್ಟಿಂಗ್‌ನಲ್ಲಿ 'ಕರೆಂಟು ಬಂದಾಗ ಹಿಂದಿನ ಸ್ಥಿತಿಯಲ್ಲೇ ಇರಲಿ' ಅನ್ನುವ ಆಯ್ಕೆ ಇದೆಯಾ ಅಂತ ಕೊಳ್ಳುವ ಮೊದಲೇ ವಿಚಾರಿಸಿ.

ನಾಲ್ಕನೆಯದು ಪಾಸ್‌ವರ್ಡ್. ಕ್ಯಾಮೆರಾ ಇರುವ ಲೈಟು ತೆಗೆದುಕೊಂಡರೆ ಅದರ ಜೊತೆ ಬಂದ ಪಾಸ್‌ವರ್ಡ್ ಅವತ್ತೇ ಬದಲಿಸಿ. ಕ್ಯಾಮೆರಾ ನಿಮ್ಮ ಅಂಗಳ ನೋಡಲಿ, ಪಕ್ಕದ ಮನೆಯವರ ಬಚ್ಚಲು ಕಡೆ ತಿರುಗದಿರಲಿ.

ಬಾಕ್ಸ್ ಮೇಲೆ ಏನು ಓದಬೇಕು

ಐಪಿ ಸಂಖ್ಯೆ: ಎರಡು ಅಂಕಿಯಲ್ಲಿ ಮೊದಲನೆಯದು ಧೂಳು, ಎರಡನೆಯದು ನೀರು. ಮಾಡಿನ ಕೆಳಗೆ ಐಪಿ 44 ನಡೆಯುತ್ತೆ. ಮಳೆಗೆ ನೇರ ಒಡ್ಡುವ ಜಾಗ, ಕೊಟ್ಟಿಗೆ ತೊಳೆಯುವ ಜಾಗಕ್ಕೆ ಐಪಿ 65 ಬೇಕು. ಐಪಿ ಸಂಖ್ಯೆಯೇ ಇಲ್ಲದ ಬಲ್ಬು ಮನೆಯೊಳಗಿನದು ಅಂತ ತಿಳಿಯಿರಿ.

ಲ್ಯೂಮೆನ್: ಬೆಳಕಿನ ಅಳತೆ ವ್ಯಾಟ್ ಅಲ್ಲ, ಲ್ಯೂಮೆನ್. ಒಳ್ಳೆ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತೆ. ಹಳೆಯ 60 ವ್ಯಾಟಿನ ಬುರುಡೆ ಬಲ್ಬಿನ ಬೆಳಕು ಸುಮಾರು 800 ಲ್ಯೂಮೆನ್, ಈಗ 9 ವ್ಯಾಟ್ ಎಲ್‌ಇಡಿಯಲ್ಲೇ ಸಿಗುತ್ತೆ.

ವೋಲ್ಟೇಜ್: 100ರಿಂದ 300 ವೋಲ್ಟ್ ತಡೆಯುವಂಥದ್ದು ನೋಡಿ. ಜೊತೆಗೆ ಸರ್ಜ್ ರಕ್ಷಣೆ ಎಷ್ಟು ಕಿಲೋವೋಲ್ಟ್ ಅಂತ ಬರೆದಿದೆಯಾ ನೋಡಿ. ಹಳ್ಳಿ ಲೈನಿನ ಏರಿಳಿತಕ್ಕೆ ಮೊದಲು ಸಾಯುವುದು ಅಗ್ಗದ ಎಲ್‌ಇಡಿ.

ಬಿಐಎಸ್ ಗುರುತು ಮತ್ತು ವಾರಂಟಿ: ಬಲ್ಬಿನ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇರಬೇಕು. ಬಿಲ್ಲು ತೆಗೆದುಕೊಂಡು ಫೋನಿನಲ್ಲಿ ಫೋಟೋ ಹೊಡೆದಿಡಿ, ಅದೇ ನಿಮ್ಮ ವಾರಂಟಿ.

ಬೆಳಕು ಹೊಲಕ್ಕೆ ಬೀಳದಿರಲಿ

ಪೇಟೆಯವರಿಗೆ ಈ ಚಿಂತೆ ಇಲ್ಲ, ನಮಗೆ ಇದೆ. ದೀಪದ ಬಲೆ ಹಾಕಿ ಹುಳ ಹಿಡಿಯುವುದು ನಮಗೆ ಗೊತ್ತು. ಅಂಗಳದ ಬಿಳಿ ದೀಪವೂ ಹಾಗೇ ಹುಳ ಕರೆಯುತ್ತೆ, ಹಿಡಿಯಲ್ಲ ಅಷ್ಟೇ. ಮುಂಗಾರಿನ ಮೊದಲ ಮಳೆಗೆ ಏಳುವ ಗೊಣ್ಣೆಹುಳುವಿನ ದುಂಬಿ, ಶೇಂಗಾ ತಿನ್ನುವ ಕಂಬಳಿಹುಳುವಿನ ಪತಂಗ ಎಲ್ಲ ದೀಪದ ಕಡೆ ಬರುತ್ತವೆ. ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಹಾವಿನ ಭಯಕ್ಕೆ ಹಾಕಿದ ದೀಪವೇ ಹಾವನ್ನು ಅಂಗಳಕ್ಕೆ ಕರೆಯಬಹುದು!

ಅದಕ್ಕೇ ಹೊರಗೆ 6500 ಕೆ ಅನ್ನುವ ನೀಲಿ ಮಿಶ್ರಿತ ಬಿಳಿ ಬೇಡ. 2700ರಿಂದ 3000 ಕೆ ಇರುವ ಹಳದಿ ಬೆಳಕು ತೆಗೆದುಕೊಳ್ಳಿ, ಹುಳ ಕಡಿಮೆ. ರಾತ್ರಿಯಿಡೀ ಉರಿಸುವ ಬದಲು ಸೆನ್ಸರ್ ಹಾಕಿದರೆ ಇನ್ನೂ ಕಡಿಮೆ.

ಬೆಳೆಯ ಮೇಲೂ ಪರಿಣಾಮ ಇದೆ. ಸೇವಂತಿಗೆ, ಸೋಯಾ, ತೊಗರಿ ಇವೆಲ್ಲ ರಾತ್ರಿ ಉದ್ದವಾದಾಗ ಹೂ ಬಿಡುವ ಬೆಳೆಗಳು. ಸೇವಂತಿಗೆ ಬೆಳೆಗಾರರು ಹೂವು ಮುಂದೂಡಲು ಬೇಕೆಂದೇ ಹೊಲದಲ್ಲಿ ಬಲ್ಬು ಉರಿಸುವುದು ಇದೇ ಕಾರಣಕ್ಕೆ. ನಿಮ್ಮ ಫೋಕಸ್ ಲೈಟು ರಾತ್ರಿಯಿಡೀ ಸೋಯಾ ಸಾಲಿನ ಮೇಲೆ ಬಿದ್ದರೆ ಅಲ್ಲಿ ಗಿಡ ಹಸಿರಾಗೇ ಉಳಿದು ಕಾಯಿ ಬಲಿಯುವುದು ತಡವಾಗುತ್ತೆ. ಲೈಟನ್ನು ನೆಲಕ್ಕೆ ಬಗ್ಗಿಸಿ, ಮೇಲೆ ತಗಡಿನ ಮರೆ ಕಟ್ಟಿ. ಇನ್ನು ಹಂದಿ ಓಡಿಸಲು ಅಂತ ಲೈಟಿಗೆ ದುಡ್ಡು ಸುರಿಯಬೇಡಿ. ನಾಲ್ಕು ದಿನ ಹೆದರುತ್ತವೆ, ಐದನೇ ದಿನ ಅದೇ ಬೆಳಕಿನಲ್ಲಿ ಮೇಯುತ್ತವೆ.

ವೈರಿಂಗ್‌ನಲ್ಲಿ ಜುಗ್ಗತನ ಬೇಡ

ಲೈಟು ಎಷ್ಟೇ ಸ್ಮಾರ್ಟ್ ಇರಲಿ, ಜೀವ ತೆಗೆಯುವುದು ವೈರು. ಹೊರಗಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕೂಡಲೇ ಅದು ಲೈನು ಕಡಿಯುತ್ತೆ. ದನಕ್ಕೆ ಮನುಷ್ಯರಿಗಿಂತ ಸಣ್ಣ ಶಾಕ್ ಕೂಡ ಅಪಾಯ, ಹಾಗಾಗಿ ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೆ, ಬಟ್ಟೆ ಒಣಗಿಸುವ ತಂತಿಗೆ ವೈರು ಸುತ್ತಬೇಡಿ. ಪೈಪಿನೊಳಗೆ ಎಳೆಯಿರಿ. ಜಾಯಿಂಟ್ ಎಲ್ಲ ಮುಚ್ಚಿದ ಡಬ್ಬಿಯೊಳಗೆ ಇರಲಿ, ವೈರು ಡಬ್ಬಿಗೆ ಕೆಳಗಿನಿಂದ ಹೋಗಲಿ. ಆಗ ಮಳೆನೀರು ವೈರು ಹಿಡಿದು ಒಳಗಿಳಿಯಲ್ಲ. ಮೇವಿನ ಬಣವೆ ಮೇಲೆ, ಪಕ್ಕದಲ್ಲಿ ಲೈಟು ಬೇಡವೇ ಬೇಡ. ಅರ್ಥಿಂಗ್ ಗುಂಡಿ ಒಣಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಈ ಕೆಲಸಕ್ಕೆ ಯೂಟ್ಯೂಬ್ ನೋಡಿ ಇಳಿಯಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ.

ಇವತ್ತು ರಾತ್ರಿಯೇ ಮಾಡಿ

ಆನ್‌ಲೈನ್ ಅಂಗಡಿ ತೆರೆಯುವ ಮುಂಚೆ ಒಂದು ಕೆಲಸ. ಊಟ ಆದ ಮೇಲೆ ಹೊರಗಿನ ದೀಪ ಎಲ್ಲ ಆರಿಸಿ, ಕೈಯಲ್ಲಿ ಒಳ್ಳೆಯ ಟಾರ್ಚ್ ಹಿಡಿದು ಮನೆಯಿಂದ ಕೊಟ್ಟಿಗೆಗೆ, ಬಚ್ಚಲಿಗೆ, ಗೇಟಿಗೆ, ಮೋಟರ್ ಮನೆಗೆ ಒಮ್ಮೆ ನಡೆದು ಬನ್ನಿ. ಎಲ್ಲಿ ಎಡವಿದಿರಿ, ಎಲ್ಲಿ ಹೆಜ್ಜೆ ಇಡಲು ಹೆದರಿದಿರಿ, ಎಲ್ಲಿ ಕಲ್ಲು, ಸೌದೆ ರಾಶಿ ದಾರಿಗೆ ತಾಗಿಕೊಂಡಿದೆ, ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ನಾಳೆ ಬೆಳಗ್ಗೆ ಮೊದಲು ಆ ರಾಶಿ ದಾರಿಯಿಂದ ದೂರ ಸರಿಸಿ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಆಮೇಲೆ ಉಳಿದ ಗುರುತುಗಳನ್ನು ಎಣಿಸಿ. ಹೆಚ್ಚಿನ ಮನೆಗಳಲ್ಲಿ ಮೂರು ನಾಲ್ಕಕ್ಕಿಂತ ಜಾಸ್ತಿ ಇರಲ್ಲ. ಎಲ್ಲವನ್ನೂ ಒಟ್ಟಿಗೆ ತರಬೇಡಿ. ಅತಿ ಹೆಚ್ಚು ಭಯವಾದ ಜಾಗಕ್ಕೆ ಒಂದು ಸೆನ್ಸರ್ ಲೈಟು ಹಾಕಿ ಒಂದು ತಿಂಗಳು ನೋಡಿ. ಸರಿ ಅನಿಸಿದರೆ ಎರಡನೆಯದು. ಅಪ್ಪನೋ ಅಮ್ಮನೋ ರಾತ್ರಿ ಎದ್ದು ಕೊಟ್ಟಿಗೆಗೆ ಹೋಗುವಾಗ ಯಾರನ್ನೂ ಕೂಗದೆ, ಸ್ವಿಚ್ಚು ಹುಡುಕದೆ, ದಾರಿ ತಾನೇ ಬೆಳಗಿದರೆ ನೀವು ಕೊಟ್ಟ ದುಡ್ಡು ವಸೂಲಾಯಿತು.